ಎಲ್ಲಾ ಸೆಟ್ಲ್ ಆಗಲಿ ಅಂತ ಕಾಯುವ ತಂಗಿಗೆ

ಮದುವೆಯಾದ ನಾಲ್ಕೇ ತಿಂಗಳಿಗೆ ಸಾಗರದಿಂದ ಮ್ಯೂನಿಕ್‌ಗೆ ಬಂದಿದ್ದೀಯ, ವಯಸ್ಸು 30. ಮೊದಲು ಜರ್ಮನ್ ಕಲಿಯಲಾ, ಕೆಲಸ ಹುಡುಕಲಾ, ಮಗು ಆಮೇಲೆ ನೋಡಿದರಾಯ್ತಾ ಅಂತ ಕೇಳಿದ್ದೀಯ. ಊರಿಂದ ಫೋನ್ ಬಂದಾಗಲೆಲ್ಲ "ಏನಾದ್ರೂ ವಿಶೇಷ ಇದ್ಯಾ?" ಅನ್ನುವ ಪ್ರಶ್ನೆ ಬೇರೆ.

ನಾನು ತೀರ್ಥಹಳ್ಳಿ ಕಡೆಯವಳು. ಬಂದಾಗ 29. ಭಾಷೆ ಬರಲಿ ಅಂದೆ, ಎರಡು ವರ್ಷ ಹೋಯಿತು. ಕೆಲಸ ಸಿಕ್ಕಿತು, ಆರು ತಿಂಗಳ ಪ್ರೊಬೇಷನ್ ಮುಗಿಯಲಿ ಅಂದೆ. ಪ್ರೊಬೇಷನ್‌ನಲ್ಲಿದ್ದರೂ ಬಸುರಿಯನ್ನು ಇಲ್ಲಿ ಸುಲಭಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಕಾನೂನೇ ಇದೆ. ನನಗೆ ಯಾರೂ ಹೇಳಲಿಲ್ಲ. ಆಮೇಲೆ ದೊಡ್ಡ ಮನೆ ಸಿಗಲಿ ಅಂದೆ. ಅಷ್ಟರಲ್ಲಿ 36. ಕೊನೆಗೆ ಐವಿಎಫ್ ಮಾಡಿಸಿದೆವು. ಸರ್ಕಾರಿ ವಿಮೆ ಮೂರು ಸಲದವರೆಗೆ ಅರ್ಧ ಖರ್ಚು ಕೊಡುತ್ತದೆ, ಅದೂ ಹೆಂಗಸಿಗೆ 40 ತುಂಬುವುದರೊಳಗೆ. ಎರಡನೇ ಸಲಕ್ಕೆ ಮಗಳು ನಿಂತಳು. ಮೊದಲನೇ ಸಲದ್ದು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ದುಡ್ಡಿನ ಲೆಕ್ಕವೂ ಗೊತ್ತಿರಲಿ. ಮಗು ನೋಡಿಕೊಳ್ಳಲು ರಜೆ ಹಾಕಿದ ಅಪ್ಪ ಅಮ್ಮನಿಗೆ ಸರ್ಕಾರ ಎಲ್ಟರ್ನ್‌ಗೆಲ್ಡ್ ಅಂತ ದುಡ್ಡು ಕೊಡುತ್ತದೆ. ಸಂಬಳದವರಿಗೆ ಹೆರಿಗೆ ರಜೆಗೆ ಮುಂಚಿನ 12 ತಿಂಗಳು ಕೈಗೆ ಬಂದ ಸಂಬಳ ನೋಡಿ ಅದರ ಸುಮಾರು 65 ಪರ್ಸೆಂಟ್, ತಿಂಗಳಿಗೆ 1,800 ಯೂರೋ ತನಕ. ಕೆಲಸವೇ ಇರಲಿಲ್ಲ ಅಂದರೆ 300. ಹಾಗಾಗಿ ಒಂದು ವರ್ಷ ದುಡಿದು ಆಮೇಲೆ ಮಗು ಅಂದರೆ ತಪ್ಪಲ್ಲ. ಆದರೆ ಒಂದು ವರ್ಷ ಅಂದರೆ ಒಂದೇ ವರ್ಷ. ಮಗು ಬೇಡ ಅನ್ನಿಸಿದರೆ ಅದು ಬೇರೆ ಮಾತು, ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು. ಬೇಕು ಅಂತಿದ್ದರೆ ವಯಸ್ಸು ನೋಡಿ ತೀರ್ಮಾನ ಮಾಡು. 35 ದಾಟಿದ ಮೇಲೆ ಮೈ ನಮ್ಮ ಲೆಕ್ಕಕ್ಕೆ ಕಾಯುವುದಿಲ್ಲ.

ಬಾಣಂತನದ್ದೇ ನಿನಗೆ ಹೆದರಿಕೆ ಅಲ್ವಾ? ನನಗೂ ಇತ್ತು. ಅಡಿಕೆ ಕೊಯ್ಲಿನ ಹೊತ್ತು, ಸುಲಿಯುವುದು ಬೇಯಿಸುವುದು ಬಿಟ್ಟು ಅಮ್ಮ ಹೇಗೆ ಬರುತ್ತಾರೆ? ಬಂದರು, 90 ದಿನದ ವೀಸಾದಲ್ಲಿ. ಅಂಟಿನುಂಡೆ ಡಬ್ಬ, ಮನೆಯಲ್ಲೇ ಕಾಯಿಸಿದ ಎಣ್ಣೆ. ಇಲ್ಲಿ ಹಂಡೆ ಎಲ್ಲಿ? ಟಬ್‌ನೊಳಗೆ ಸ್ಟೂಲ್ ಇಟ್ಟು ಕೂರಿಸಿ, ಬಕೆಟ್‌ನಲ್ಲಿ ನೀರು ಬೆರೆಸಿ ಹೊಯ್ದರು. ಆವತ್ತೇ ಹೆಬಾಮ್ಮೆ ಬಂದಳು. ನಮ್ಮ ಸೂಲಗಿತ್ತಿ ಇದ್ದ ಹಾಗೆ. ಹೆರಿಗೆ ಆದ ಮೇಲೆ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾಳೆ, ವಿಮೆಯೇ ದುಡ್ಡು ಕೊಡುತ್ತದೆ. ಎಣ್ಣೆ ಸೀಸೆ ಮೂಸಿ ನೋಡಿ, ಅಮ್ಮನ ಕೈ ಹಿಡಿದು ನಕ್ಕಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ಅರ್ಧ ಗಂಟೆ ಇಬ್ಬರೂ ಮಗುವಿನ ಕಾಲು ನೀವುತ್ತಾ ಕೂತಿದ್ದರು.

ಬಸುರಿ ಅಂತ ಗೊತ್ತಾದ ವಾರವೇ ಹೆಬಾಮ್ಮೆಯನ್ನು ಹುಡುಕು, ಬೇಗ ಸಿಗುವುದಿಲ್ಲ. ಯಜಮಾನರೂ ರಜೆ ಹಾಕಲಿ. ಇಬ್ಬರೂ ಹಾಕಿದರೆ ಎಲ್ಟರ್ನ್‌ಗೆಲ್ಡ್ 12ರ ಬದಲು 14 ತಿಂಗಳು ಬರುತ್ತದೆ. ಅದಕ್ಕೂ ಮೊದಲು ಒಮ್ಮೆ ಹೆಂಗಸರ ಡಾಕ್ಟರಿಗೆ ತೋರಿಸು. ಭಾಷೆ ಬರುವುದಿಲ್ಲ ಅಂತ ಸುಮ್ನೆ ಕೂರಬೇಡ, ದಿನ ಹೇಳು, ನಾನೇ ಜೊತೆಗೆ ಬರುತ್ತೇನೆ.