ಯಾವ ಕಾರ್ಮಿಕರು ಅಂತ ಕೇಳಿಕೊಂಡು ಮತ್ತೆ ಬರೆಯಿರಿ

ನಮಸ್ಕಾರ.

ದಕ್ಷಿಣ ಆಫ್ರಿಕಾದ ಕಾರ್ಮಿಕ ಸಂಘಗಳ ಇತಿಹಾಸದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುತ್ತಿಲ್ಲ. ತುಂಬಾ ಓದಿಕೊಂಡಿದ್ದೀರಿ, ಅದು ಗೊತ್ತಾಗುತ್ತದೆ. ಎಡವಟ್ಟಾಗಿರುವುದು ಒಂದೇ ಒಂದು ಪದದಲ್ಲಿ.

'ಕಾರ್ಮಿಕರು'. ಪುಟಕ್ಕೆ ಐದಾರು ಸಲ ಬರುತ್ತದೆ. ಕಾರ್ಮಿಕರು ಸಿಡಿದೆದ್ದರು, ಕಾರ್ಮಿಕರು ಒಗ್ಗಟ್ಟಾದರು. ಯಾವ ಕಾರ್ಮಿಕರು ಸ್ವಾಮಿ?

1922ರ ಭಾಗವನ್ನೇ ನೋಡಿ. ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಬಂಡವಾಳಗಾರರ ವಿರುದ್ಧ ಬಂದೂಕು ಹಿಡಿದರು, ಪ್ರಧಾನಿ ಸ್ಮಟ್ಸ್ ಅವರ ಸರ್ಕಾರ ಸೇನೆ, ವಿಮಾನ ಎಲ್ಲ ಕಳಿಸಿ ಅಡಗಿಸಿತು ಅಂತ ಬರೆದಿದ್ದೀರಿ. ಸುಳ್ಳಲ್ಲ. ಆದರೆ ಬಂದೂಕು ಹಿಡಿದವರು ಬಿಳಿಯರು. ಅವರು ಮಾಡುತ್ತಿದ್ದ ಕೆಲವು ಕೆಲಸಗಳನ್ನು ಕಡಿಮೆ ಕೂಲಿಗೆ ಕರಿಯರಿಂದ ಮಾಡಿಸಲು ಮಾಲೀಕರು ಹೊರಟಿದ್ದೇ ಜಗಳದ ಬೇರು. 'ಜಗತ್ತಿನ ಕಾರ್ಮಿಕರೇ, ಬಿಳಿಯರ ದಕ್ಷಿಣ ಆಫ್ರಿಕಾಕ್ಕಾಗಿ ಒಂದಾಗಿ ಹೋರಾಡಿ' ಅಂತ ಅವರು ಬ್ಯಾನರ್ ಹಿಡಿದು ನಡೆದರು. ಆ ದಿನಗಳಲ್ಲಿ ಕರಿಯರ ಮೇಲೆ ದಾಳಿಗಳೂ ನಡೆದವು. ನಿಮ್ಮ ಲೇಖನದಲ್ಲಿ ಆ ಬ್ಯಾನರೇ ಇಲ್ಲ. ಮುಜುಗರ ಆಯಿತಾ? ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

1924ರ ಕೈಗಾರಿಕಾ ಸಂಧಾನ ಕಾಯ್ದೆಗೆ ನೀವು ಕೊಟ್ಟಿರುವುದು ಒಂದೇ ಸಾಲು: 'ಸಂಘಗಳಿಗೆ ಮಾನ್ಯತೆ ಸಿಕ್ಕಿತು'. ಆ ಕಾಯ್ದೆ 'ನೌಕರ' ಅಂದರೆ ಯಾರು ಅಂತ ಹೇಳುವ ಜಾಗವನ್ನು ಓದಿದ್ದೀರಾ? ಪಾಸ್, ಅಂದರೆ ಸರ್ಕಾರದ ಓಡಾಟದ ಪರವಾನಗಿ, ಇಟ್ಟುಕೊಂಡು ಓಡಾಡಬೇಕಾದ ಆಫ್ರಿಕನ್ನರು ನೌಕರರೇ ಅಲ್ಲ. ಗಣಿಯೊಳಗೆ ಇಳಿದು ಬಂಡೆ ಒಡೆಯುವವನು ಕಾನೂನಿನ ಲೆಕ್ಕದಲ್ಲಿ ನೌಕರನಲ್ಲ! ಇಲ್ಲೊಂದು ಮಜಾ ಇದೆ. ಆಗ ಹೆಂಗಸರಿಗೆ ಪಾಸ್ ಕಡ್ಡಾಯ ಇರಲಿಲ್ಲ. ಹಾಗಾದರೆ ಆಫ್ರಿಕನ್ ಹೆಂಗಸು ನೌಕರಳು ಅಲ್ವಾ? ಹೌದು ಅಂತ 1944ರಲ್ಲಿ ಕೋರ್ಟೇ ಹೇಳಿತು. ಜೋಹಾನ್ಸ್‌ಬರ್ಗಿನ ಗಾರ್ಮೆಂಟ್ಸ್ ಕಾರ್ಮಿಕರ ಸಂಘಕ್ಕೆ ಆಫ್ರಿಕನ್ ಹೆಂಗಸರು ಬಂದದ್ದು ಈ ಸಂದಿಯಿಂದ. ಸಾಲಿ ಸ್ಯಾಕ್ಸ್ ಕಾರ್ಯದರ್ಶಿಯಾಗಿದ್ದ ಆ ಸಂಘದಲ್ಲಿ ಅದಕ್ಕೂ ಮೊದಲು ಹೊಲಿಗೆ ಮೆಷಿನ್ ಮುಂದೆ ಕೂತವರು ಹೆಚ್ಚಾಗಿ ಹಳ್ಳಿ ಬಿಟ್ಟು ಬಂದ ಬಡ ಆಫ್ರಿಕಾನರ್ (ಡಚ್ ಮೂಲದ ಬಿಳಿಯ) ಹೆಣ್ಣುಮಕ್ಕಳು. ಸಂಘದೊಳಗೂ ಬಣ್ಣ ನೋಡಿ ಬ್ರಾಂಚ್ ಬೇರೆ ಮಾಡಿದ್ದರು, ಅದನ್ನೂ ಮುಚ್ಚಿಡಬೇಡಿ. 1953ರಲ್ಲಿ ಸರ್ಕಾರ ಹೊಸ ಕಾಯ್ದೆ ತಂದು ಆ ಸಂದಿಯನ್ನೂ ಮುಚ್ಚಿತು. ನಿಮ್ಮ ಹತ್ತು ಪುಟದ ಘೋಷಣೆಗಿಂತ ಜಾಸ್ತಿ ಕಥೆ ಈ ಒಂದು ವ್ಯಾಖ್ಯೆಯಲ್ಲಿದೆ.

ಇನ್ನು ನಿಮ್ಮ ಕೋಷ್ಟಕ. ನೋಂದಾಯಿತ ಸಂಘಗಳ ಸರ್ಕಾರಿ ಅಂಕಿಅಂಶ ಹಾಕಿ 'ಒಟ್ಟು ಸದಸ್ಯರು' ಅಂತ ತಲೆಬರಹ ಕೊಟ್ಟಿದ್ದೀರಿ. ನೌಕರರೇ ಅಲ್ಲ ಅಂದವರ ಸಂಘ ಆ ಪಟ್ಟಿಗೆ ಹೇಗೆ ಬರುತ್ತದೆ? 1919ರಲ್ಲಿ ಕೇಪ್‌ಟೌನಿನ ಬಂದರಿನಲ್ಲಿ ಕ್ಲೆಮೆಂಟ್ಸ್ ಕಡಾಲಿ ಕಟ್ಟಿದ ಐಸಿಯು (ಕೈಗಾರಿಕಾ ಮತ್ತು ವಾಣಿಜ್ಯ ಕಾರ್ಮಿಕರ ಸಂಘ) ಹಳ್ಳಿಹಳ್ಳಿಗೂ ಹಬ್ಬಿತ್ತು. ಅಂಥ ಸಂಘಗಳವರನ್ನು ಹುಡುಕಬೇಕಾದ್ದು ಪೊಲೀಸ್ ವರದಿ, ಕೋರ್ಟ್ ಕಡತ, ಕರಪತ್ರ, ಹಳಬರ ನೆನಪುಗಳಲ್ಲಿ. ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿ ಸಂಘಗಳ ಕಾಗದಪತ್ರ ಸಾಕಷ್ಟಿದೆ. ಪೊಲೀಸ್ ವರದಿ ಓದುವಾಗ ಮಾತ್ರ ಹುಷಾರು. ಪ್ರತಿ ಮುಷ್ಕರದ ಹಿಂದೆಯೂ ಪೊಲೀಸರಿಗೆ ಒಬ್ಬ ಚಿತಾವಣೆಗಾರ ಬೇಕು.

ನಿಮಗೂ ಒಬ್ಬ ಬೇಕಾಗಿದ್ದಾನೆ! 1973ರ ಡರ್ಬನ್ ಮುಷ್ಕರಕ್ಕೆ ನಾಯಕ ಯಾರು ಅಂತ ಅರ್ಧ ಪುಟ ತಡಕಾಡಿದ್ದೀರಿ. ಜನವರಿಯಲ್ಲಿ ಇಟ್ಟಿಗೆ ಕಾರ್ಖಾನೆಯ ಸುಮಾರು 2,000 ಜನ ಕೆಲಸ ಬಿಟ್ಟು ಫುಟ್‌ಬಾಲ್ ಮೈದಾನದಲ್ಲಿ ಸೇರಿದರು. ಪ್ರತಿನಿಧಿಗಳನ್ನು ಆರಿಸಿ ಕಳಿಸಿ ಅಂದರೆ ಒಪ್ಪಲಿಲ್ಲ. ಮುಂದೆ ಬಂದು ನಿಂತವನ ಕೆಲಸ ಮೊದಲು ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ನಾಯಕ ಸಿಗದಿರುವುದೇ ಇಲ್ಲಿ ನಿಮಗೆ ಸಿಕ್ಕ ಮಾಹಿತಿ.

1946ರ ಆಫ್ರಿಕನ್ ಗಣಿ ಕಾರ್ಮಿಕರ ಮುಷ್ಕರ ಚೆನ್ನಾಗಿ ಬಂದಿದೆ. ದಿನಕ್ಕೆ 10 ಷಿಲಿಂಗ್ ಬೇಡಿಕೆ, ಪೊಲೀಸರ ಹೊಡೆತ ಎಲ್ಲ ಇದೆ. ಬಿಳಿಯ ಗಣಿ ಕಾರ್ಮಿಕರ ಸಂಘ ಅವರ ಜೊತೆ ನಿಲ್ಲಲಿಲ್ಲ ಅನ್ನುವ ಒಂದು ಸಾಲು ಸೇರಿಸಿ. ಕೆಜಿಎಫ್ ಪ್ಯಾರಾ ತೆಗೆದುಬಿಡಿ. ಅಲ್ಲೂ ಚಿನ್ನ, ಇಲ್ಲೂ ಚಿನ್ನ ಅನ್ನುವುದು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಸುಮ್ನೆ ನಮ್ಮೂರ ಹೆಸರು ಬರಲಿ ಅಂತ ಹಾಕಿದ ಹಾಗಿದೆ.

ಅರವತ್ತು ವರ್ಷವನ್ನೆಲ್ಲ ಒಂದೇ ಲೇಖನಕ್ಕೆ ತುರುಕಬೇಡಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬಗ್ಗೆಯಷ್ಟೇ ಬರೆದರೂ ನನಗೆ ಖುಷಿ. ಸಾವಿರದ ಐನೂರು ಪದ ಸಾಕು. ತಿಂಗಳ ಕೊನೆಯೊಳಗೆ ಕಳಿಸಿ. ಕೋಷ್ಟಕ ಇಟ್ಟುಕೊಳ್ಳುವುದಾದರೆ ತಲೆಬರಹ ಬದಲಿಸಿ.