ಕ್ಲೀನ್‌ರೂಮ್ (ದೂಳಿಲ್ಲದ ಪ್ರಯೋಗಕೋಣೆ) ಇಲ್ಲದ ಕಾಲೇಜಿನಲ್ಲಿ, ಬೆಳಕನ್ನು ಬೇಕಾದಂತೆ ತಿರುಗಿಸುವ ನ್ಯಾನೊ ಮೇಲ್ಮೈಗಳ ಬಗ್ಗೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಬಹುದೇ?

ಶಿವಮೊಗ್ಗದಲ್ಲಿ ಇದು ಆಗದ ಕೆಲಸ, ಬೆಂಗಳೂರಿಗೇ ಹೋಗಬೇಕೇನೋ ಎಂದು ಬರೆದಿದ್ದೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನನ್ನ ಪ್ರಾಜೆಕ್ಟ್ ಹಾಳಾದದ್ದಕ್ಕೆ ಕಾರಣವೇ ಬೇರೆ.

ತೀರ್ಥಹಳ್ಳಿಯ ಮನೆಯ ಉಪ್ಪರಿಗೆಯಲ್ಲಿ ಹಳೆಯ ಡಿವಿಡಿ ಸೀಳಿ, ಅದರ ಗೀರುಗಳ ಮೇಲೆ ಜೆಲಟಿನ್ ಎರೆದು, ಒಣಗಿದ ಮೇಲೆ ಪೊರೆಯಂತೆ ಬಿಡಿಸುತ್ತಿದ್ದೆ. ಆ ಗೀರುಗಳ ನಡುವಿನ ಅಂತರ 740 ನ್ಯಾನೊಮೀಟರ್. 532 ನ್ಯಾನೊಮೀಟರ್ ತರಂಗಾಂತರದ ಹಸಿರು ಲೇಸರ್ ಹಾಯಿಸಿದರೆ ಬೆಳಕು ಸುಮಾರು 46 ಡಿಗ್ರಿ ತಿರುಗಿ ಗೋಡೆಯ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತು. ಪಕ್ಕದಲ್ಲಿ ಬಲ್ಬು ಹಚ್ಚಿದರೆ ಚುಕ್ಕೆ ಒಂದು ಡಿಗ್ರಿಯಷ್ಟು ಆಚೆ ಸರಿಯುತ್ತಿತ್ತು. ಆರಿಸಿದರೆ ನಿಧಾನವಾಗಿ ಹಿಂದಕ್ಕೆ ಬರುತ್ತಿತ್ತು. ಶಾಖದಿಂದ ಬೆಳಕನ್ನು ನಿಯಂತ್ರಿಸಿದೆನೆಂದು ಮೂವತ್ತು ಪುಟ ಬರೆದೆ.

ಅದು ಆಷಾಢ. ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುವ ಕಾಲ. ಜೆಲಟಿನ್ ಗಾಳಿಯ ನೀರು ಕುಡಿದು ಹಿಗ್ಗಿತ್ತು, ಬಲ್ಬು ಅದನ್ನು ಒಣಗಿಸುತ್ತಿತ್ತು. ಚುಕ್ಕೆ ಸರಿದ ದಿಕ್ಕೇ ಅದನ್ನು ಹೇಳುತ್ತಿತ್ತು. ಕಾದ ಪೊರೆ ಹಿಗ್ಗಬೇಕು, ಗೀರುಗಳ ಅಂತರ ಹೆಚ್ಚಬೇಕು, ಅಂತರ ಹೆಚ್ಚಿದರೆ ಕೋನ ಕಿರಿದಾಗಬೇಕು. ನನ್ನ ಕೋನ ಹಿರಿದಾಗುತ್ತಿತ್ತು, ಅಂದರೆ ಪೊರೆ ಕುಗ್ಗುತ್ತಿತ್ತು. ಕಾಯಿಸಿದರೆ ಕುಗ್ಗುವುದು ಹೇಗೆ ಎಂದು ಒಂದು ಸಂಜೆ ಕುಳಿತು ಯೋಚಿಸಿದ್ದರೆ ಸಾಕಿತ್ತು. ಜೆಲಟಿನ್ನಿನ ಗುಣವೇ ಹಾಗೆ ಎಂದು ಒಂದು ಪ್ಯಾರಾ ಬರೆದು, ಸಮೀಕರಣಕ್ಕೊಂದು ಋಣ ಚಿಹ್ನೆ ಸೇರಿಸಿ ಮುಂದಕ್ಕೆ ಹೋದೆ. ನನ್ನ ಪುಸ್ತಕದಲ್ಲಿ ತಾಪಮಾನಕ್ಕೆ ಒಂದು ಕಾಲಂ, ಕೋನಕ್ಕೆ ಒಂದು ಕಾಲಂ ಇದ್ದವು. ತೇವಾಂಶಕ್ಕೆ ಇರಲಿಲ್ಲ. ಫೆಬ್ರವರಿಯ ಒಣಹವೆಯಲ್ಲಿ ಪರೀಕ್ಷಕರ ಮುಂದೆ ಬಲ್ಬು ಹಚ್ಚಿದಾಗ ಚುಕ್ಕೆ ಕದಲಲೇ ಇಲ್ಲ.

ಹಾಗಾಗಿ ಬೆಂಗಳೂರೋ ಶಿವಮೊಗ್ಗವೋ ಎಂಬುದು ಆಮೇಲಿನ ಮಾತು. ಮೇಲ್ಮೈಯನ್ನು ಬದಲಿಸುವುದು ಶಾಖವೋ, ವಿದ್ಯುತ್ತೋ, ಎಳೆತವೋ, ನೀರೋ ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಹದಂತಾಗುವ ವೆನೇಡಿಯಂ ಡೈಆಕ್ಸೈಡ್ ಪದರವೇ ಬೇಕೆಂದರೆ ದೊಡ್ಡ ಪ್ರಯೋಗಾಲಯ ಬೇಕು, ನಿಜ. ನೀರಿನ ಕೆಲಸಕ್ಕೆ ನಮ್ಮ ಊರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನನ್ನ ಅಂಕಿಗಳನ್ನೇ ತೇವಾಂಶದ ಹೆಸರಿನಲ್ಲಿ ಬರೆದಿದ್ದರೆ ಅದು ಒಳ್ಳೆಯ ಪ್ರಾಜೆಕ್ಟ್ ಆಗುತ್ತಿತ್ತು. ಈ ಜೆಲಟಿನ್ ಪೊರೆಯನ್ನು ಮೆಟಾಸರ್ಫೇಸ್, ಅಂದರೆ ನೀವು ಕೇಳಿದ ನ್ಯಾನೊ ಮೇಲ್ಮೈ, ಎಂದು ಮಾತ್ರ ಕರೆಯಬೇಡಿ; ಅದರ ರಚನೆಗಳು ಬೆಳಕಿನ ತರಂಗಾಂತರಕ್ಕಿಂತ ಚಿಕ್ಕದಾಗಿರಬೇಕು. ಇದು ಗ್ರೇಟಿಂಗ್, ಅಂದರೆ ಸಮಾನ ಅಂತರದ ಗೀರುಗಳ ಸಾಲು; ಹಾಗೆಂದೇ ಬರೆಯಿರಿ.

ಪೊರೆಯನ್ನಿಟ್ಟು ಮುಚ್ಚಿದ ಗಾಜಿನ ಡಬ್ಬದಲ್ಲಿ, ಕರಗದೆ ಉಳಿಯುವಷ್ಟು ಅಡುಗೆ ಉಪ್ಪು ಹಾಕಿದ ನೀರಿಟ್ಟರೆ ತೇವಾಂಶ ಶೇ 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇನ್ನೊಂದು ಡಬ್ಬಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ. ಒಣ ಅಳತೆಗಳನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ.