ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆಯದಿದ್ದರೆ ನಷ್ಟವೇನು?

ಊರಿಗೆ ಗ್ರಾಮ ಪಂಚಾಯಿತಿ ಇದೆ, ಕ್ಷೇತ್ರಕ್ಕೆ ಶಾಸಕರಿದ್ದಾರೆ, ಹೀಗಿರುವಾಗ ಜಿಲ್ಲಾ ಪಂಚಾಯಿತಿಯ ಚುನಾವಣೆ ವರ್ಷಗಟ್ಟಲೆ ಮುಂದೆ ಹೋದರೆ ಜನರಿಗೆ ಆಗುವ ನಷ್ಟವೇನು ಎಂದು ತಾವು ಕೇಳಿದ್ದೀರಿ. ಮದ್ದೂರು ತಾಲ್ಲೂಕಿನ ನಮ್ಮ ಊರಿನ ಪಂಚಾಯಿತಿಯಲ್ಲಿ ಒಂದು ಅವಧಿಗೆ ಸದಸ್ಯನಾಗಿದ್ದವನು ನಾನು. ನಷ್ಟ ದೊಡ್ಡದೆಂದೇ ನನ್ನ ಅನಿಸಿಕೆ. ಅದು ನಮ್ಮ ಸೀಮೆಗೆ ಹೊಸದೂ ಅಲ್ಲ.

ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಜಿಲ್ಲಾ ಬೋರ್ಡುಗಳಿದ್ದವು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗಲೂ ಆ ಪದ್ಧತಿ ಜಾರಿಯಲ್ಲಿತ್ತು. 1959ರ ಕಾಯ್ದೆಯು ತಾಲ್ಲೂಕು ಬೋರ್ಡಿಗೆ ನೇರ ಚುನಾವಣೆಯನ್ನು ಇಟ್ಟಿತಾದರೂ, ಜಿಲ್ಲೆಯ ಮಟ್ಟದಲ್ಲಿ ಉಳಿದದ್ದು ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿದ್ದ ಅಭಿವೃದ್ಧಿ ಪರಿಷತ್ತು. ಅದರ ಕೆಲಸ ಸಲಹೆ ಕೊಡುವುದಷ್ಟೇ ಆಗಿತ್ತು.

ಈ ಕ್ರಮವನ್ನು ಬದಲಿಸಿದ ಕೀರ್ತಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರದು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅವರನ್ನು ಜನ ಇಂದಿಗೂ ನೆನೆಯುವುದು ನೀರಿಗಾಗಿ. ನನಗೆ ಅವರು ಅಧಿಕಾರವನ್ನು ಹಂಚಿದ ಮಂತ್ರಿಯಾಗಿಯೇ ಹೆಚ್ಚು ದೊಡ್ಡವರಾಗಿ ಕಾಣುತ್ತಾರೆ. ಅವರು ಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಸರ್ಕಾರ ತಂದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಕೆಲವು ಹಳ್ಳಿಗಳಿಗೆ ಒಂದರಂತಿದ್ದ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ದೊರೆಯಿತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯರು. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳು ಮೀಸಲಾದದ್ದೂ ಆಗಲೇ, ಅಂದರೆ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಗಿಂತ ಮೊದಲೇ. ಜಿಲ್ಲೆಯ ಹಣ ಯಾವ ಕೆಲಸಕ್ಕೆ ಹೋಗಬೇಕೆಂಬುದನ್ನು ಓಟು ಪಡೆದು ಬಂದವರು ಕುಳಿತು ತೀರ್ಮಾನಿಸಿದರು.

ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಗೆದ್ದು ಬಂದವರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರ ಕಾಯ್ದೆಯಡಿ ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆಯುವಾಗ 1995 ಬಂದಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಈಗ ಸಂವಿಧಾನವೇ ವಿಧಿಸಿದೆ. ಆದರೂ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ತೀರಿದಾಗ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಗೊಂದಲದಲ್ಲಿ ಚುನಾವಣೆ ಹೈಕೋರ್ಟಿನ ಮೆಟ್ಟಿಲೇರಿತು, ಜಿಲ್ಲಾ ಪಂಚಾಯಿತಿಯ ಹೊಣೆ ಮತ್ತೆ ಆಡಳಿತಾಧಿಕಾರಿಗಳ ಪಾಲಾಯಿತು.

ಗ್ರಾಮ ಪಂಚಾಯಿತಿ ಇದೆ, ಶಾಸಕರಿದ್ದಾರಲ್ಲ ಎಂಬ ತಮ್ಮ ಮಾತಿಗೆ ಬರುತ್ತೇನೆ. ಗ್ರಾಮ ಪಂಚಾಯಿತಿಯ ಕೈ ಚರಂಡಿ, ಬೀದಿದೀಪ, ಕುಡಿಯುವ ನೀರಿನವರೆಗೆ ಚಾಚುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಜಿಲ್ಲಾ ಪಂಚಾಯಿತಿಗೆ ಸೇರಿದ್ದು. ನಮ್ಮ ಭಾಗದ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಬಿದ್ದಿದ್ದಾಗ ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯೆ ಅದನ್ನು ಸಾಮಾನ್ಯ ಸಭೆಯಲ್ಲಿ ಎತ್ತಿದರು. ಅಧಿಕಾರಿ ಎಲ್ಲರೆದುರು ಉತ್ತರ ಕೊಟ್ಟರು, ಆ ಉತ್ತರ ನಡಾವಳಿಯಲ್ಲಿ ದಾಖಲಾಯಿತು, ಮುಂದಿನ ಸಭೆಯಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಲು ಸಾಧ್ಯವಾಯಿತು. ಅವರ ಅವಧಿ ಮುಗಿದ ಮೇಲೆ ಅದೇ ಕೇಂದ್ರದ ಇನ್ನೊಂದು ಕೊರತೆಗಾಗಿ ನಾವು ಬರೆದ ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿತ್ತು. ಅದನ್ನು ಹಿಡಿದು ಕೇಳುವುದಕ್ಕೆ ಸಭೆಯೇ ಇರಲಿಲ್ಲ.